ಒಂದು ಸಡಿಲ ಪ್ಲಗ್, ಒಂದು ಇಡೀ ವರ್ಷ: ರೋಬೋಟಿಕ್ಸ್ ಸ್ಪರ್ಧೆ ನಡೆಸುವವರಿಗೆ ಬಹಿರಂಗ ಪತ್ರ

ವಿದ್ಯಾರ್ಥಿಗಳ ರೋಬೋಟಿಕ್ಸ್ ಸ್ಪರ್ಧೆ ನಡೆಸುವವರಿಗೆ, ಅದರ ನಿಯಮ ಬರೆಯುವವರಿಗೆ ನಮಸ್ಕಾರ.

ನಾನು ಒಂದು ಶಾಲಾ ತಂಡದ ಮೆಂಟರ್. ಸ್ಪರ್ಧೆಯಲ್ಲಿ ರೋಬೋಟ್ ರಿಪೇರಿ ಮಾಡುವ ಜಾಗಕ್ಕೆ ಪಿಟ್ ಅನ್ನುತ್ತೇವೆ; ಅಲ್ಲಿ ಮಕ್ಕಳ ಜೊತೆ ಕೂತು ವೈರ್ ಸುಲಿದು ಅಭ್ಯಾಸ. ಬೇರೆಯವರ ಸ್ಪರ್ಧೆಗಳಲ್ಲಿ ಸ್ಕೋರ್ ಟೇಬಲ್ ಹಿಂದೆ ಕೂತದ್ದೂ ಉಂಟು. ಯಾವ ಪ್ರದೇಶದಿಂದ ಎಷ್ಟು ತಂಡ ಮೇಲಿನ ಹಂತಕ್ಕೆ ಹೋಗಬೇಕು, ಹೇಗೆ ಹೋಗಬೇಕು ಅನ್ನುವ ನಿಯಮವನ್ನು ಮತ್ತೆ ಬರೆಯುವ ಹೊತ್ತಿನಲ್ಲಿ ನನ್ನ ಕಡೆಯಿಂದಲೂ ನಾಲ್ಕು ಮಾತು ಇರಲಿ ಅಂತ ಈ ಪತ್ರ.

ಮೊದಲು ಒಂದು ಪ್ಲಗ್‌ನ ಕಥೆ.

ಕ್ವಾರ್ಟರ್ ಫೈನಲ್. ಎರಡು ಮ್ಯಾಚ್ ಮುಗಿದು ಒಂದೊಂದು ಗೆದ್ದಿದ್ದೆವು. ಮೂರನೆಯದು ಶುರುವಾಯಿತು. ರೋಬೋಟ್ ತಾನಾಗಿಯೇ ಓಡಬೇಕಾದ ಮೊದಲ 15 ಸೆಕೆಂಡ್ ಚೆನ್ನಾಗಿಯೇ ಹೋಯಿತು. ಆಮೇಲೆ ಎದುರಿನವರ ರೋಬೋಟ್ ಪಕ್ಕದಿಂದ ಬಂದು ಗುದ್ದಿತು. ಫೌಲ್ ಏನಲ್ಲ, ಆಟದಲ್ಲಿ ಇದ್ದದ್ದೇ. ಆದರೆ ಆ ಏಟಿಗೆ ರೇಡಿಯೋಗೆ ಕರೆಂಟ್ ಕೊಡುವ ಸಣ್ಣ ದುಂಡನೆ ಪ್ಲಗ್ ಕೂದಲೆಳೆಯಷ್ಟು ಹೊರಗೆ ಜಾರಿತು. ರೇಡಿಯೋ ಆಫ್ ಆಗಿ ಮತ್ತೆ ಆನ್ ಆಯಿತು. ಅದು ಎದ್ದು ಮತ್ತೆ ಸಂಪರ್ಕಕ್ಕೆ ಬರಲು ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು. ಇಡೀ ಮ್ಯಾಚ್ ಇದ್ದದ್ದೇ ಎರಡೂವರೆ ನಿಮಿಷ. ನಮ್ಮ ಡ್ರೈವರ್ ಹುಡುಗಿ ಜಾಯ್‌ಸ್ಟಿಕ್ ತಳ್ಳುತ್ತಲೇ ಇದ್ದಳು. ರೋಬೋಟ್ ಅಂಗಳದ ನಡುವೆ ಬೀರು ತರ ನಿಂತಿತ್ತು.

ಸೋತೆವು. ಪಿಟ್‌ಗೆ ಬಂದ ಮೇಲೆ ಅವಳು ಆ ಪ್ಲಗ್ ಮೇಲೆ ಒಂದು ಹನಿ ಹಾಟ್ ಗ್ಲೂ ಹಾಕಿ, ಆರುವ ತನಕ ಬೆರಳಲ್ಲಿ ಒತ್ತಿ ಹಿಡಿದು ನಿಂತಳು. ಆಡಲು ಇನ್ನು ಮ್ಯಾಚ್ ಇರಲಿಲ್ಲ. ಆದರೂ ಹಾಕಿದಳು.

ಗ್ಲೂ ಮೊದಲೇ ಹಾಕಬೇಕಿತ್ತು. ಹಾಕಿರಲಿಲ್ಲ, ತಪ್ಪು ನಮ್ಮದೇ. ಸೋತದ್ದಕ್ಕೆ ನನ್ನ ತಕರಾರಿಲ್ಲ. ನಮಗೆ ಆ ವರ್ಷ ಇದ್ದದ್ದು ಅದೊಂದೇ ಸ್ಪರ್ಧೆ. ಅದೇ ಸ್ಪರ್ಧೆಯಲ್ಲಿ ನಮ್ಮಂತೆಯೇ ಸೋತ ಇನ್ನೊಂದು ತಂಡ ಎರಡು ವಾರ ಬಿಟ್ಟು ಬೇರೊಂದು ಕಡೆ ಆಡಿ, ಗೆದ್ದು, ಮೇಲಿನ ಹಂತಕ್ಕೆ ಹೋಯಿತು. ಒಳ್ಳೆಯ ತಂಡವೇ, ಹೊಟ್ಟೆಕಿಚ್ಚು ಏನಿಲ್ಲ. ಆದರೆ ಅವರಿಗೂ ನಮಗೂ ಇದ್ದ ವ್ಯತ್ಯಾಸ ರೋಬೋಟ್‌ನದ್ದಲ್ಲ. ಎರಡನೇ ಸಲ ಪ್ರಯಾಣ ಮಾಡುವ, ಎರಡನೇ ಸಲ ಶುಲ್ಕ ಕಟ್ಟುವ ತಾಕತ್ತಿನದ್ದು.

ಹಂತಗಳನ್ನು ಹೊಸದಾಗಿ ಕಟ್ಟುವುದಾದರೆ ಇಲ್ಲಿಂದ ಶುರು ಮಾಡಿ ಅನ್ನುವುದೇ ನನ್ನ ಕೋರಿಕೆ. ಯಾವ ತಂಡದ ವರ್ಷವೂ ಒಂದೇ ವಾರಾಂತ್ಯದಲ್ಲಿ ಮುಗಿಯಬಾರದು. ಎರಡನೇ ಅವಕಾಶ ದುಡ್ಡಿದ್ದವರಿಗೆ ಮಾತ್ರ ಸಿಗುವ ವಸ್ತುವಾಗಬಾರದು.

ಹಳೆಯ ಪದ್ಧತಿ ಯಾಕೆ ಹಾಗಿತ್ತು ಅನ್ನುವುದೂ ಅರ್ಥವಾಗುತ್ತದೆ. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ, ಮಕ್ಕಳ ರೋಬೋಟ್ ಸ್ಪರ್ಧೆ ನಡೆಸುವ ಫಸ್ಟ್ (FIRST) ಸಂಸ್ಥೆ ಶುರು ಮಾಡಿದರು. 1992ರಲ್ಲಿ ಅವರ ಮೊದಲ ಸ್ಪರ್ಧೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯ ಜಿಮ್‌ನಲ್ಲಿ ನಡೆಯಿತು. ಬಂದದ್ದು 28 ತಂಡ. ಅಷ್ಟು ಜನಕ್ಕೆ ಹಂತ ಯಾಕೆ, ಕ್ವಾಲಿಫೈ ಯಾಕೆ? ಎಲ್ಲರೂ ಒಂದೇ ಸೂರಿನಡಿ ಆಡಿ ಮನೆಗೆ ಹೋದರು. ತಂಡಗಳು ಹೆಚ್ಚಿದ ಮೇಲೆ ಅಲ್ಲಲ್ಲಿ ರೀಜನಲ್ ಅನ್ನುವ ಪ್ರಾದೇಶಿಕ ಸ್ಪರ್ಧೆಗಳು ಬಂದವು. ರೀಜನಲ್ ಗೆದ್ದರೆ ಸೀದಾ ವಿಶ್ವ ಚಾಂಪಿಯನ್‌ಶಿಪ್. ನಡುವೆ ಏನೂ ಇಲ್ಲ. ಒಂದೇ ಮೆಟ್ಟಿಲು, ಅದೂ ಎತ್ತರದ್ದು.

ಈ ಒಂದು ಮೆಟ್ಟಿಲಿನಿಂದ ಏನೇನು ವಿಚಿತ್ರ ಆಗುತ್ತಿತ್ತು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಅಲಯನ್ಸ್ ಆಯ್ಕೆಯನ್ನೇ ನೋಡಿ. ಅಲಯನ್ಸ್ ಅಂದರೆ ಮೂರು ತಂಡ ಸೇರಿ ಆಡುವ ಗುಂಪು. ಎಂಟು ಅಲಯನ್ಸ್, ಪಟ್ಟಿಯಲ್ಲಿ ಮೇಲಿರುವ ತಂಡಗಳೇ ಎಂಟು ಕ್ಯಾಪ್ಟನ್. ಮೊದಲ ಸುತ್ತಿನಲ್ಲಿ ಒಂದನೇ ಕ್ಯಾಪ್ಟನ್‌ನಿಂದ ಎಂಟನೆಯವರ ತನಕ ಒಬ್ಬೊಬ್ಬರು ಒಂದೊಂದು ತಂಡ ಆರಿಸುತ್ತಾರೆ. ಎರಡನೇ ಸುತ್ತು ಹಿಂದುಮುಂದು: ಎಂಟನೆಯವರು ಮೊದಲು, ಒಂದನೆಯವರು ಕೊನೆಗೆ. ಅಂದರೆ ಒಂದನೇ ಅಲಯನ್ಸ್‌ನ ಮೂರನೇ ರೋಬೋಟ್ ಇಡೀ ಸ್ಪರ್ಧೆಯಲ್ಲಿ ಕಟ್ಟಕಡೆಗೆ ಆಯ್ಕೆಯಾದದ್ದು. ಆ ಅಲಯನ್ಸ್ ಗೆದ್ದರೆ ಆ ರೋಬೋಟ್‌ಗೂ ವಿಶ್ವ ಮಟ್ಟದ ಟಿಕೆಟ್ ಸಿಗುತ್ತಿತ್ತು. ಫೈನಲ್‌ನಲ್ಲಿ ಸೋತ ಕ್ಯಾಪ್ಟನ್, ಎರಡು ದಿನ ಪಟ್ಟಿಯ ಮೇಲ್ತುದಿಯಲ್ಲೇ ಇದ್ದವರು, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಮೂರನೇ ರೋಬೋಟ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಎದುರಿನವರನ್ನು ಅಡ್ಡಗಟ್ಟಿ ನಿಲ್ಲಿಸುವ ಆಟ ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಆದರೆ ಟಿಕೆಟ್ ಕೊಡುವ ಅಳತೆಗೋಲು ಅದಾಗಬಾರದು, ಅಲ್ವಾ?

ಇನ್ನೊಂದು ವಿಚಿತ್ರ ವೈಲ್ಡ್ ಕಾರ್ಡ್ ಅನ್ನುವ ನಿಯಮದ್ದು. ಗೆದ್ದ ತಂಡ ಆಗಲೇ ಬೇರೆ ಕಡೆ ಟಿಕೆಟ್ ಪಡೆದಿದ್ದರೆ ಆ ಜಾಗ ಫೈನಲ್ ಸೋತವರಿಗೆ ಹೋಗುತ್ತಿತ್ತು. ಒಳ್ಳೆಯ ಉದ್ದೇಶವೇ. ಆದರೆ ಇದರಿಂದ ತಂಡಗಳು ಯಾವ ಸ್ಪರ್ಧೆಗೆ ಆಗಲೇ ಗೆದ್ದವರು ಬರುತ್ತಾರೆ ಅಂತ ಲೆಕ್ಕ ಹಾಕತೊಡಗಿದವು. ಮಕ್ಕಳು ಗೇರ್ ಅನುಪಾತದ ಲೆಕ್ಕ ಮಾಡಬೇಕಾದ ಹೊತ್ತಿನಲ್ಲಿ ಮೆಂಟರ್‌ಗಳು ಈ ಲೆಕ್ಕ ಮಾಡುತ್ತಿದ್ದೆವು. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ.

ಇದಕ್ಕೆ ಒಂದು ಉತ್ತರ 2009ರಲ್ಲೇ ಬಂತು. ಮಿಷಿಗನ್ ರಾಜ್ಯದಲ್ಲಿ ಡಿಸ್ಟ್ರಿಕ್ಟ್ ಪದ್ಧತಿ ಶುರುವಾಯಿತು. ದೊಡ್ಡ ಅಂಗಣ, ದೊಡ್ಡ ದೀಪ ಎಲ್ಲ ಬಿಟ್ಟು ಶಾಲೆಯ ಜಿಮ್‌ಗಳಲ್ಲೇ ಸಣ್ಣ ಸ್ಪರ್ಧೆಗಳು. ಒಂದೇ ನೋಂದಣಿಯಲ್ಲಿ ಪ್ರತಿ ತಂಡಕ್ಕೂ ಎರಡು ಸ್ಪರ್ಧೆ. ಒಂದೊಂದರಲ್ಲಿ 12 ಕ್ವಾಲಿಫಿಕೇಶನ್ ಮ್ಯಾಚ್ (ರ‍್ಯಾಂಕ್ ಪಟ್ಟಿ ತೀರ್ಮಾನಿಸುವ ಮೊದಲ ಸುತ್ತಿನ ಮ್ಯಾಚ್), ಅಂದರೆ ಏನೇ ಆದರೂ 24 ಮ್ಯಾಚ್ ಖಾತ್ರಿ. ಎರಡರ ಪಾಯಿಂಟ್ ಕೂಡಿಸಿ ಮೇಲಿದ್ದವರು ಡಿಸ್ಟ್ರಿಕ್ಟ್ ಚಾಂಪಿಯನ್‌ಶಿಪ್‌ಗೆ, ಅಲ್ಲಿಂದ ವಿಶ್ವ ಮಟ್ಟಕ್ಕೆ. ಆಮೇಲೆ ನ್ಯೂ ಇಂಗ್ಲೆಂಡ್, ಪೆಸಿಫಿಕ್ ನಾರ್ತ್‌ವೆಸ್ಟ್, ಇಸ್ರೇಲ್, ಕೆನಡಾದ ಒಂಟಾರಿಯೊ, ಟೆಕ್ಸಾಸ್ ಅಂತ ಇದು ಹರಡಿತು. ಮಿಷಿಗನ್‌ನಲ್ಲಿ ಈಗ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಲ್ಲದಷ್ಟು ತಂಡಗಳಿವೆ. ಅದೆಲ್ಲ ಈ ಪದ್ಧತಿಯಿಂದಲೇ ಅಂತ ಹೇಳಲಾರೆ, ಸರ್ಕಾರದ ನೆರವೂ ಅಲ್ಲಿ ಸಿಕ್ಕಿತು. ಆದರೆ ಮೊದಲ ವರ್ಷವೇ 24 ಮ್ಯಾಚ್ ಆಡಿದ ಮಕ್ಕಳು ಎರಡನೇ ವರ್ಷವೂ ಬರುತ್ತಾರೆ. ಎಂಟು ಹತ್ತು ಮ್ಯಾಚ್ ಆಡಿ, ಅದರಲ್ಲಿ ಮೂರರಲ್ಲಿ ರೋಬೋಟ್ ಅಲ್ಲಾಡದೆ ನಿಂತಿದ್ದರೆ, ಎಷ್ಟು ಜನ ಮರಳಿ ಬರುತ್ತಾರೆ?

ಈ ಮ್ಯಾಚ್ ಸಂಖ್ಯೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಯಾಕೆ ಅಂದರೆ ಒಂದು ಮ್ಯಾಚ್‌ನಲ್ಲಿ ಅಂಗಳದಲ್ಲಿ ಆರು ರೋಬೋಟ್. ನಮ್ಮದು ಒಂದೇ. ಜೊತೆಗಿರುವ ಇಬ್ಬರು ಯಾರು, ಎದುರಿಗಿರುವ ಮೂವರು ಯಾರು ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಎಂಟೇ ಮ್ಯಾಚ್ ಆದರೆ ಒಳ್ಳೆಯ ರೋಬೋಟ್‌ಗೆ ಸತತ ನಾಲ್ಕು ಸಲ ಕೆಟ್ಟ ಜೊತೆಗಾರರು ಸಿಗಬಹುದು, ಪಟ್ಟಿಯಲ್ಲಿ ಕೆಳಗಿಳಿಯಬಹುದು. ಸ್ಕೌಟಿಂಗ್ ಮಾಡುವ, ಅಂದರೆ ಬೇರೆ ತಂಡಗಳ ಆಟ ನೋಡಿ ಬರೆದಿಟ್ಟುಕೊಳ್ಳುವ, ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, "ಪಟ್ಟಿ ನೋಡಬೇಡಿ, ನಮ್ಮ ಶೀಟ್ ನೋಡಿ" ಅಂತ. ಮ್ಯಾಚ್ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕಮ್ಮಿಯಾಗುತ್ತದೆ. ಎಷ್ಟೇ ಜಾಣತನದ ಸೂತ್ರ ತಂದರೂ ಮ್ಯಾಚ್ ಸಂಖ್ಯೆಗೆ ಬದಲಿ ಇಲ್ಲ.

ಡಿಸ್ಟ್ರಿಕ್ಟ್ ಪಾಯಿಂಟ್ ಲೆಕ್ಕವನ್ನು ಕೂತು ಓದಿದರೆ ಬರೆದವರ ತಲೆ ಕಾಣುತ್ತದೆ. ಕ್ವಾಲಿಫಿಕೇಶನ್ ಸಾಧನೆಗೆ ಹೆಚ್ಚೆಂದರೆ 22. ಒಂದನೇ ಅಲಯನ್ಸ್‌ನ ಕ್ಯಾಪ್ಟನ್‌ಗೆ 16, ಅವರು ಮೊದಲು ಆರಿಸಿದ ತಂಡಕ್ಕೂ 16. ಕಟ್ಟಕಡೆಗೆ ಆಯ್ಕೆಯಾದ ಆ ಮೂರನೇ ರೋಬೋಟ್‌ಗೆ 1. ಅಲಯನ್ಸ್ ಅಲಯನ್ಸ್ ಎದುರಾಗುವ ಕೊನೆಯ ಸುತ್ತು, ಅಂದರೆ ಪ್ಲೇಆಫ್, ಗೆದ್ದರೆ 30. ತೀರ್ಪುಗಾರರ ಪ್ರಶಸ್ತಿಗೆ ಬೇರೆ. ಹೊಸ ತಂಡಕ್ಕೆ 10 ಪಾಯಿಂಟ್, ಎರಡನೇ ವರ್ಷದವರಿಗೆ 5, ಸುಮ್ನೆ ಬಂದದ್ದಕ್ಕೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ನಿಯಮ: ಮೊದಲ ಎರಡು ಸ್ಪರ್ಧೆಯ ಪಾಯಿಂಟ್ ಮಾತ್ರ ಲೆಕ್ಕ. ಮೂರನೆಯದು ಬೇಕಾದರೆ ಆಡಿ, ಕಲಿಯಿರಿ, ಮಜಾ ಮಾಡಿ, ಪಾಯಿಂಟ್ ಇಲ್ಲ. ಇದೊಂದು ಸಾಲಿನಿಂದ ದುಡ್ಡಿನ ಆಟ ಅರ್ಧಕ್ಕರ್ಧ ನಿಂತಿತು. ಹೊಸ ನಿಯಮದಲ್ಲಿ ಬೇರೆ ಏನು ಕೈಬಿಟ್ಟರೂ ಈ ಸಾಲನ್ನು ಮಾತ್ರ ಬಿಡಬೇಡಿ.

ಹಾಗಂತ ಡಿಸ್ಟ್ರಿಕ್ಟ್ ಪದ್ಧತಿಯನ್ನು ಹಾಗೇ ಎತ್ತಿ ಎಲ್ಲ ಕಡೆ ನೆಟ್ಟುಬಿಡಿ ಅನ್ನುತ್ತಿಲ್ಲ. ಅದರಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಡಿಸ್ಟ್ರಿಕ್ಟ್ ಚಾಂಪಿಯನ್‌ಶಿಪ್‌ನಲ್ಲಿ ಗಳಿಸಿದ ಪಾಯಿಂಟ್‌ಗೆ ಮೂರು ಪಟ್ಟು ಬೆಲೆ. ಅಂದರೆ ಮೊದಲ ಎರಡು ಸ್ಪರ್ಧೆ ಸೇರಿದರೂ ಈ ಒಂದು ವಾರಾಂತ್ಯದ ತೂಕಕ್ಕೆ ಸಮ ಬರುವುದಿಲ್ಲ. ನನ್ನ ಪ್ಲಗ್ ಮತ್ತೆ ಎದುರಿಗೆ ಬಂದು ನಿಂತಿತು ನೋಡಿ! ಅಲ್ಲಿ ಎದುರಾಳಿಗಳು ಗಟ್ಟಿಗರು, ಹಾಗಾಗಿ ಬೆಲೆ ಜಾಸ್ತಿ ಅನ್ನುವುದು ಸರಿ. ಆದರೆ ಎರಡು ಪಟ್ಟು ಸಾಕು. ಆಗ ಮೊದಲಿನ ಎರಡು ಸ್ಪರ್ಧೆ ಒಂದು ತಟ್ಟೆ, ಈ ದೊಡ್ಡ ಸ್ಪರ್ಧೆ ಇನ್ನೊಂದು ತಟ್ಟೆ. ತಕ್ಕಡಿ ಸಮ.

ನಡುವಿನ ಹಂತ ಅಂದರೆ ಇನ್ನೊಂದು ಪ್ರಯಾಣ ಅನ್ನುವುದನ್ನೂ ಮರೆಯಬೇಡಿ. ಅದೇ ಫಸ್ಟ್ ಸಂಸ್ಥೆಯ ಸಣ್ಣ ರೋಬೋಟ್‌ಗಳ ಸ್ಪರ್ಧೆ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಅಮೆರಿಕವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ನಾಲ್ಕು ಭಾಗ ಮಾಡಿ ಸೂಪರ್ ರೀಜನಲ್ ನಡೆಸುತ್ತಿದ್ದರು. ಕೆಲವು ವರ್ಷ ನಡೆದು 2018ರ ನಂತರ ಅದು ನಿಂತಿತು. ಕಾಗದದ ಮೇಲೆ ಒಂದು ಹಂತ ಸೇರಿಸುವುದು ಒಂದು ಗೆರೆ ಎಳೆದಷ್ಟು ಸುಲಭ. ಅದರ ಭಾರ ಬೀಳುವುದು ರಜೆ ಹಾಕಿ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರ ಮೇಲೆ, ರೋಬೋಟ್ ಪೆಟ್ಟಿಗೆ ಸಾಗಿಸುವ ಪೋಷಕರ ಮೇಲೆ. ಕೊನೆಯ ವಾರದಲ್ಲಿ ಕ್ವಾಲಿಫೈ ಆದ ತಂಡಕ್ಕೆ ಮುಂದಿನ ಹಂತಕ್ಕೆ ಕೆಲವೇ ದಿನ ಸಿಗುತ್ತದೆ. ಕನಿಷ್ಠ ಎರಡು ವಾರ ಅಂತರ ಇಡಿ. ಇಡಲು ಆಗದಿದ್ದರೆ ಆ ಹಂತವೇ ಬೇಡ.

ಅದೇ ಟೆಕ್ ಚಾಲೆಂಜ್‌ನ ಲೀಗ್ ಪದ್ಧತಿ ಮಾತ್ರ ನನಗೆ ಬಹಳ ಇಷ್ಟ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಹತ್ತಿರದ ಕೆಲವು ತಂಡಗಳು ಸೇರಿ ಸೀಸನ್ ಉದ್ದಕ್ಕೂ ಸಣ್ಣ ಸಣ್ಣ ಮೀಟ್ ಆಡುತ್ತವೆ. ಬೆಳಗ್ಗೆ ಹೋಗಿ ಸಂಜೆ ಬರುವಂಥದ್ದು. ಆಡಿದ್ದರಲ್ಲಿ ಅತ್ಯುತ್ತಮ 10 ಮ್ಯಾಚ್ ರ‍್ಯಾಂಕ್‌ಗೆ ಲೆಕ್ಕ. ಕೆಟ್ಟ ಮ್ಯಾಚ್ ತಾನಾಗಿಯೇ ಉದುರಿ ಹೋಗುತ್ತದೆ. ಪ್ಲಗ್ ಕಳಚಿದ ಮ್ಯಾಚ್ ಉದುರಿ ಹೋಗುತ್ತದೆ! ಮೊದಲ ಮೀಟ್‌ನಲ್ಲಿ ಎಡವಿದ ಹೊಸ ತಂಡ ಮೂರನೇ ಮೀಟ್ ಹೊತ್ತಿಗೆ ಸುಧಾರಿಸಿದರೆ, ಲೆಕ್ಕಕ್ಕೆ ಬರುವುದು ಸುಧಾರಿಸಿದ ರೋಬೋಟ್. ಕಲಿಯುವ ಮಕ್ಕಳ ಸ್ಪರ್ಧೆಗೆ ಇದಕ್ಕಿಂತ ಹೊಂದುವ ಲೆಕ್ಕ ನನಗೆ ಕಂಡಿಲ್ಲ. ತಂಡಗಳು ಒಂದಕ್ಕೊಂದು ಹತ್ತಿರ ಇರುವ ಕಡೆ ಕೆಳಗಿನ ಹಂತ ಹೀಗೇ ಇರಲಿ.

ಈಗ ಜಗಳದ ವಿಷಯಕ್ಕೆ ಬರೋಣ. ಪ್ರದೇಶಕ್ಕೆ ಎಷ್ಟು ಸೀಟು?

ಗಟ್ಟಿ ಪ್ರದೇಶದವರು ಹೇಳುವುದು ಒಂದೇ ಮಾತು: "ನಮ್ಮ 20ನೇ ತಂಡ ನಿಮ್ಮ ಮೊದಲನೇ ತಂಡವನ್ನು ಸೋಲಿಸುತ್ತದೆ." ನಿಜವೇ ಇರಬಹುದು. ಹೊಸ ಪ್ರದೇಶದವರು ಹೇಳುವುದು: "ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ." ಅದೂ ನಿಜ. ಡಿಸ್ಟ್ರಿಕ್ಟ್‌ಗಳಲ್ಲಿ ತಂಡಗಳ ಸಂಖ್ಯೆಗೆ ತಕ್ಕಂತೆ ವಿಶ್ವ ಮಟ್ಟದ ಸೀಟು ಹಂಚುತ್ತಾರೆ. ಇನ್ನೊಂದು ತುದಿಯಲ್ಲಿ ಫಸ್ಟ್ ಗ್ಲೋಬಲ್ ಇದೆ. 2017ರಿಂದ ನಡೆಯುತ್ತಿರುವ ಅದರಲ್ಲಿ ದೇಶಕ್ಕೆ ಒಂದೇ ತಂಡ, ದೇಶ ದೊಡ್ಡದಿರಲಿ ಸಣ್ಣದಿರಲಿ. ಒಂದು ಹಬ್ಬವಾಗಿ ಅದು ಚೆಂದ. ಆದರೆ ಸಾವಿರಾರು ತಂಡಗಳ ಏಣಿಗೆ ಆ ಲೆಕ್ಕ ಆಗುವುದಿಲ್ಲ.

ನಾನು ಸಂಖ್ಯೆಯ ಪಕ್ಷ, ಆದರೆ ಎರಡು ಷರತ್ತು. ನೋಂದಾಯಿಸಿದ ತಂಡ ಅಲ್ಲ, ಅಂಗಳಕ್ಕೆ ಇಳಿದು ಆಡಿದ ತಂಡವನ್ನು ಎಣಿಸಿ. ಹೆಸರು ಕೊಟ್ಟು ಬಾರದ ತಂಡಗಳಿಂದ ಸೀಟು ಹೆಚ್ಚಿಸಿಕೊಳ್ಳುವ ದಾರಿ ತೆರೆದಿಟ್ಟರೆ ಯಾರೋ ಒಬ್ಬರು ಅದರಲ್ಲಿ ನಡೆದೇ ನಡೆಯುತ್ತಾರೆ. ಒಂದೇ ವರ್ಷದ ಎಣಿಕೆಯೂ ಬೇಡ, ಮೂರು ವರ್ಷದ ಸರಾಸರಿ ತೆಗೆದುಕೊಳ್ಳಿ. ಎರಡನೆಯದು, ಎಷ್ಟೇ ಸಣ್ಣ ಪ್ರದೇಶವಾದರೂ ಒಂದು ಸೀಟು ಖಾಯಂ ಇರಲಿ. ಆ ತಂಡ ವಿಶ್ವ ಮಟ್ಟದಲ್ಲಿ ಎಲ್ಲ ಮ್ಯಾಚ್ ಸೋಲಬಹುದು. ಸೋಲಲಿ ಬಿಡಿ. ಅಲ್ಲಿನ ಪಿಟ್‌ಗಳಲ್ಲಿ ಓಡಾಡಿ, ಬೇರೆಯವರ ವೈರಿಂಗ್ ಫೋಟೋ ತೆಗೆದುಕೊಂಡು, ಬಂಪರ್ ಹೇಗೆ ಕಟ್ಟಿದ್ದಾರೆ ಅಂತ ಬಗ್ಗಿ ನೋಡಿ ಬಂದ ಹತ್ತು ಮಕ್ಕಳು ಮರುವರ್ಷ ಸುತ್ತಲಿನ ಐದು ತಂಡಗಳಿಗೆ ಅದನ್ನು ಹೇಳಿಕೊಡುತ್ತಾರೆ. ಗಟ್ಟಿ ಪ್ರದೇಶದ 21ನೇ ತಂಡಕ್ಕೆ ಅದು ಪಕ್ಕದ ಪಿಟ್‌ನಲ್ಲೇ ಸಿಗುತ್ತದೆ. ಈ ತಂಡಕ್ಕೆ ಬೇರೆ ಎಲ್ಲೂ ಸಿಗುವುದಿಲ್ಲ.

ಹತ್ತಿರದಲ್ಲಿ ಸ್ಪರ್ಧೆಯೇ ಇಲ್ಲದ ತಂಡಗಳ ಮಾತು ಬೇರೆ. ಅವರಿಗೆ ಎರಡು ಸ್ಪರ್ಧೆ ಖಾತ್ರಿ ಅಂತ ಬರೆದರೆ ಖಾತ್ರಿಯಾಗುವುದು ಪ್ರಯಾಣದ ಖರ್ಚು ಮಾತ್ರ. ಫಸ್ಟ್ ಸಂಸ್ಥೆ 2025ರ ಸೀಸನ್‌ನಿಂದ ರೀಜನಲ್ ಆಡುವ ತಂಡಗಳನ್ನೂ ಪಾಯಿಂಟ್ ಪಟ್ಟಿಗೆ ತಂದಿತು. ಸರಿಯಾದ ದಾರಿ. ಆದರೆ ಇಂಥ ಪಟ್ಟಿಯಲ್ಲಿ ಒಂದೇ ಸ್ಪರ್ಧೆ ಆಡಿದವರನ್ನೂ ಎರಡು ಆಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಾಗ ಒಟ್ಟು ಪಾಯಿಂಟ್ ನೋಡಬೇಡಿ, ಒಂದು ಸ್ಪರ್ಧೆಗೆ ಎಷ್ಟು ಅಂತ ನೋಡಿ. ಇಲ್ಲದಿದ್ದರೆ ಹಳೆಯ ದುಡ್ಡಿನ ಆಟವೇ ಹೊಸ ಅಂಗಿ ಹಾಕಿಕೊಂಡು ಬರುತ್ತದೆ.

ಇಂಥ ತಂಡಗಳಿಗೆ ಇನ್ನೊಂದು ಬಾಗಿಲು ವೆಕ್ಸ್ (VEX) ಅನ್ನುವ ಬೇರೊಂದು ವಿದ್ಯಾರ್ಥಿ ರೋಬೋಟ್ ಸ್ಪರ್ಧೆಯಲ್ಲಿದೆ. ಅದರ ಸ್ಕಿಲ್ಸ್ ಸುತ್ತಿನಲ್ಲಿ ಅಂಗಳದಲ್ಲಿ ಒಂದೇ ರೋಬೋಟ್, 60 ಸೆಕೆಂಡ್. ಡ್ರೈವರ್ ಓಡಿಸುವುದು ಒಂದು, ಪ್ರೋಗ್ರಾಂ ಓಡಿಸುವುದು ಇನ್ನೊಂದು. ಜೊತೆಗಾರ ಇಲ್ಲ, ಎದುರಾಳಿ ಇಲ್ಲ, ಅಂಗಳ ಎಲ್ಲೆಡೆ ಒಂದೇ. ಹಾಗಾಗಿ ಎಲ್ಲಿ ಆಡಿದ ಸ್ಕೋರ್ ಆದರೂ ಒಂದೇ ಜಾಗತಿಕ ಪಟ್ಟಿಗೆ ಸೇರುತ್ತದೆ. ದೂರದ ತಂಡಕ್ಕೆ "ನಾವು ಎಲ್ಲಿದ್ದೇವೆ" ಅಂತ ನೋಡಿಕೊಳ್ಳಲು ಇದಕ್ಕಿಂತ ಸರಳ ಕನ್ನಡಿ ಇಲ್ಲ. ಪ್ರತಿ ಪ್ರದೇಶದಲ್ಲೂ ಉಳಿಯುವ ಕೊನೆಯ ಕೆಲವು ಸೀಟುಗಳನ್ನು ಇಂಥ ಒಂಟಿ ಸುತ್ತಿನ ಸ್ಕೋರ್ ಮೇಲೆ ತುಂಬಿ. ಎಲ್ಲ ಸೀಟನ್ನೂ ಅಲ್ಲ. ಬೇರೆ ತಂಡದ ಜೊತೆ ನಿಂತು ಆಡುವುದು ಈ ಸ್ಪರ್ಧೆಗಳ ಜೀವ, ಅದು ಹೋಗಬಾರದು.

ತೀರ್ಪುಗಾರರ ಪ್ರಶಸ್ತಿಯಿಂದ ಮೇಲೆ ಹೋಗುವ ದಾರಿ ಹಾಗೇ ಇರಲಿ. ಬೇರೆ ಮಕ್ಕಳಿಗೆ ಕಲಿಸಿದ, ಹೊಸ ತಂಡ ಕಟ್ಟಿದ ಕೆಲಸಕ್ಕೂ ಟಿಕೆಟ್ ಸಿಗಬೇಕು. ಒಂದೇ ಬೇಡಿಕೆ: ಸಿಗದವರಿಗೆ ಯಾಕೆ ಸಿಗಲಿಲ್ಲ ಅಂತ ಎರಡು ಸಾಲು ಬರೆದು ಕೊಡಿ.

ಮೇಲಿನ ಹಂತವನ್ನೇ ದೊಡ್ಡದು ಮಾಡಿದರೆ ಸಮಸ್ಯೆ ಮುಗಿಯುತ್ತದೆ ಅನ್ನುವವರೂ ಇದ್ದಾರೆ. ಅದೂ ಆಗಿ ನೋಡಿದ್ದಾಗಿದೆ. 2017ರಲ್ಲಿ ಫಸ್ಟ್ ಸಂಸ್ಥೆ ವಿಶ್ವ ಚಾಂಪಿಯನ್‌ಶಿಪ್ ಅನ್ನು ಹ್ಯೂಸ್ಟನ್ ಮತ್ತು ಸೇಂಟ್ ಲೂಯಿಸ್ ಅಂತ ಎರಡಾಗಿ ಒಡೆಯಿತು, ಮರುವರ್ಷದಿಂದ ಎರಡನೆಯದು ಡೆಟ್ರಾಯಿಟ್‌ಗೆ ಹೋಯಿತು. ಜಾಸ್ತಿ ಮಕ್ಕಳು ಅಲ್ಲಿಗೆ ಹೋದರು, ಸಂತೋಷ. ಆದರೆ ವಿಶ್ವ ಚಾಂಪಿಯನ್ ಯಾರು ಅಂದರೆ ಎರಡು ಉತ್ತರ. 2022ರಲ್ಲಿ ಮತ್ತೆ ಒಂದೇ ಆಯಿತು. ಮಕ್ಕಳಿಗೆ ಮ್ಯಾಚ್ ಸಿಗಬೇಕಾದದ್ದು ಕೆಳಗೆ, ಮನೆಗೆ ಹತ್ತಿರ. ಮೇಲಿನ ತುದಿ ಚೂಪಾಗಿಯೇ ಇರಲಿ.

ಇನ್ನು ಒಂದೇ ಮಾತು, ಸಮಯದ್ದು. ನಿಯಮ ಯಾವುದೇ ಇರಲಿ, ನೋಂದಣಿ ತೆರೆಯುವ ಮೊದಲು ಹೇಳಿಬಿಡಿ. ಸೀಸನ್ ನಡುವೆ ಸೀಟು ಕಮ್ಮಿ ಮಾಡುವುದು, ಪಾಯಿಂಟ್ ತಿದ್ದುವುದು ಬೇಡ. ಇದು ಬರೀ ಕಾಗದದ ಶಿಸ್ತಿನ ಮಾತಲ್ಲ. ಎಂಟು ಮ್ಯಾಚ್‌ಗೆ ಕಟ್ಟುವ ರೋಬೋಟ್ ಬೇರೆ, 24 ಮ್ಯಾಚ್‌ಗೆ ಕಟ್ಟುವ ರೋಬೋಟ್ ಬೇರೆ. ಎಂಟೇ ಆದರೆ ಮಕ್ಕಳು ತೆಳು ತಗಡು ಹಾಕಿ, ತೂಕ ಉಳಿಸಿ, ಒಂದು ಸಲ ಮಿಂಚಿದರೆ ಸಾಕು ಅಂತ ನೋಡುತ್ತಾರೆ. 24 ಅಂದರೆ ಬೋಲ್ಟ್‌ಗೆ ಲಾಕ್ ನಟ್ ಬರುತ್ತದೆ, ಚೈನ್ ಬದಲಿಸಲು ಕೈ ಹೋಗುವಷ್ಟು ಜಾಗ ಬರುತ್ತದೆ, ಹೆಚ್ಚುವರಿ ಮೋಟರ್ ಪೆಟ್ಟಿಗೆ ಸೇರುತ್ತದೆ.

ಆ ಡ್ರೈವರ್ ಹುಡುಗಿ ಈಗ ಓದು ಮುಗಿಸಿ ನಮ್ಮ ತಂಡಕ್ಕೇ ಮೆಂಟರ್ ಆಗಿ ಬಂದಿದ್ದಾಳೆ. ಪ್ರತಿ ವರ್ಷ ರೋಬೋಟ್ ಮೇಲೆ ಮೊದಲು ಬೀಳುವುದು ಅವಳ ಗ್ಲೂ ಗನ್. ಹೋದ ವಾರ ಹೊಸ ಮಕ್ಕಳು ಮೊದಲ ಸಲ ಡ್ರಾಯಿಂಗ್ ಹಾಕಲು ಕೂತಾಗ ಒಬ್ಬ ಹುಡುಗ ಪೆನ್ಸಿಲ್ ಕೆಳಗಿಟ್ಟು ಕೇಳಿದ, "ಅಕ್ಕಾ, ಈ ವರ್ಷ ನಮಗೆ ಎಷ್ಟು ಮ್ಯಾಚ್ ಸಿಗುತ್ತೆ?" ಅವಳು ನನ್ನ ಮುಖ ನೋಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, "ಸದ್ಯಕ್ಕೆ ಫ್ರೇಮ್ ಮಾತ್ರ ಬರಿ" ಅಂದೆ. ನೀವು ನಿಯಮ ಕಳಿಸಿದ ದಿನ ಅವನು ಮಿಕ್ಕದ್ದನ್ನು ಬರೆಯುತ್ತಾನೆ.

ಇಂತಿ,
ಪಿಟ್‌ನಿಂದ ಒಬ್ಬ ಮೆಂಟರ್